ಅವ್ವನ ಕೊಡದ ತಾಮ್ರ

ನಾನು ಕಾಲು ಮುಂದಾಗಿ ಹುಟ್ಟಿದವಳು. ನಮ್ಮ ಕಡೆ ಇದು ಸಣ್ಣ ಸಂಗತಿಯಲ್ಲ. ಹಾಗೆ ಹುಟ್ಟಿದವರು ಬರಿಗಾಲಲ್ಲಿ ಹೊಲದೊಳಗೆ ನಡೆದರೆ ನೆಲದಡಿಯ ನೀರು, ಹೊನ್ನು ಎರಡೂ ಅಂಗಾಲಿಗೆ ತಿಳಿಯುತ್ತವೆ ಎಂದು ನಂಬುವವರು ಮಸ್ಕಿಯಿಂದ ಲಿಂಗಸುಗೂರಿನತನಕ ಸಿಗುತ್ತಾರೆ. ಸಿಂಧನೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತಾಗ ನಾನು ಮೊದಲು ಬಡಿದದ್ದೇ ಈ ನಂಬಿಕೆಯನ್ನು. ‘ನನ್ನ ಅಂಗಾಲಿಗೆ ಈವರೆಗೆ ತಿಳಿದದ್ದು ಜಾಲಿಮುಳ್ಳು ಒಂದೇ’ ಎಂದಿದ್ದೆ. ಸಭೆ ನಕ್ಕಿತು, ಕಪ್ ಬಂತು.

ಮುಂದೆ ಅದೇ ನಂಬಿಕೆಯನ್ನು ಕೈಯಾರೆ ಮಸೆದು ಒಬ್ಬನ ಮೇಲೆ ಬೀಸಿದೆ. ಆ ಒಬ್ಬ ನಮ್ಮ ದೊಡ್ಡಪ್ಪ, ಅಪ್ಪನ ಒಡಹುಟ್ಟಿದ ಅಣ್ಣ.

ಮಸ್ಕಿಯ ಹತ್ತಿರ ನಮ್ಮದು ಕಪ್ಪುಮಣ್ಣಿನ ಎರೆಹೊಲ. ಅಜ್ಜನ ಕಾಲದಲ್ಲಿ ಒಂದೇ ಇತ್ತು. ಪಾಲಾದ ಮೇಲೆ ನಡುವೆ ಬದು ಬಿತ್ತು, ಆ ಬದುವಿನ ಮೇಲೆ ಜಗಳ ಬೆಳೆಯಿತು. ಅವ್ವ ತೀರಿದಾಗ ನಮ್ಮ ಪಾಲಿನ ಹೊಲದಲ್ಲೇ, ಬನ್ನಿಗಿಡದ ಪಕ್ಕ, ಕುಂತಂತೆ ಮಣ್ಣು ಮಾಡಿದೆವು. ಎಡ ಅಂಗೈಯಲ್ಲಿ ಲಿಂಗ, ಸುತ್ತ ಉಪ್ಪು, ಪತ್ರಿ, ತಲೆಯ ಮೇಲೆ ವಿಭೂತಿ. ಅದರ ಮೇಲೆ ಅಯ್ಯನೋರು ಇಪ್ಪತ್ತೊಂದು ತಾಮ್ರದ ತಗಡು ಇಟ್ಟರು. ಒಂದೊಂದರ ಮೇಲೂ ಮೊಳೆಯಿಂದ ಕೊರೆದ ‘ಓಂ ನಮಃ ಶಿವಾಯ’. ಈಗ ಬಹಳ ಮನೆಯವರು ವಿಭೂತಿಗಟ್ಟಿಯ ಮೇಲೇ ಬರೆದು ಮುಗಿಸುತ್ತಾರೆ. ಅಪ್ಪ ಒಪ್ಪಲಿಲ್ಲ. ಅವ್ವ ತವರಿನಿಂದ ತಂದಿದ್ದ ತಾಮ್ರದ ಕೊಡವನ್ನು ಅವತ್ತೇ ಒಯ್ದು ಕತ್ತರಿಸಿ ತಂದ. ಆ ಕೊಡದ ಕಂಠದ ಸುತ್ತ ಸಣ್ಣ ಬಳ್ಳಿಯ ಚಿತ್ತಾರವಿತ್ತು. ಕೆಲವು ತಗಡುಗಳ ಅಂಚಿಗೆ ಅದು ಹಾಗೇ ಉಳಿದಿತ್ತು.

ದೊಡ್ಡಪ್ಪ ಇದನ್ನು ನೋಡಲಿಲ್ಲ. ಬದುವಿನ ಸಿಟ್ಟಿನಲ್ಲಿ ಬೇಕೆಂದೇ ತಡವಾಗಿ ಬಂದ. ಮುಚ್ಚಿದ ಗುಂಡಿಗೆ ಮೂರು ಹಿಡಿ ಮಣ್ಣು ಹಾಕಿ ಚಪ್ಪಲಿ ಮೆಟ್ಟಿಕೊಂಡು ಹೋದ. ಅರ್ಧ ತಾಸು ಮೊದಲು ಬಂದಿದ್ದರೆ ತಗಡು ಕಾಣುತ್ತಿದ್ದವು, ಮುಂದೆ ಅವನ ಮರ್ಯಾದೆ ಉಳಿಯುತ್ತಿತ್ತು.

ಮರುವರ್ಷ ಅವನಿಗೆ ನಿಧಿಯ ಹುಚ್ಚು ಹತ್ತಿತು. ಮಸ್ಕಿ ಸುತ್ತ ನೇಗಿಲು ಹೂಡಿದರೆ ಮಡಿಕೆಚೂರು, ಮಣಿ ಏಳುವುದು ಹೊಸದಲ್ಲ. ಗುಡ್ಡದಲ್ಲಿ ಅಶೋಕನ ಶಾಸನ ಬೇರೆ ಇದೆ. ಆದ್ದರಿಂದ ಪ್ರತಿಯೊಬ್ಬನಿಗೂ ತನ್ನ ಹೊಲದಡಿಯಲ್ಲೇ ಅರಸ ಗಂಟು ಹುಗಿದು ಹೋದಂತೆ. ಲಿಂಗಸುಗೂರಿನ ಕಡೆಯಿಂದ ಒಬ್ಬ ಮಷೀನು ತಂದ. ಉದ್ದನೆಯ ಕೋಲು, ತುದಿಗೆ ತಟ್ಟೆ, ಕಿವಿಗೆ ಹೆಡ್‌ಫೋನ್. ತಟ್ಟೆಯನ್ನು ನೆಲದ ಮೇಲೆ ಆಡಿಸಿದರೆ ಲೋಹ ಇದ್ದಲ್ಲಿ ಕುಂಯ್ ಎನ್ನುತ್ತಿತ್ತು. ದೊಡ್ಡಪ್ಪನ ಹೊಲದಲ್ಲಿ ಎತ್ತಿನ ಲಾಳ, ಬಾಟಲಿ ಮುಚ್ಚಳ, ಟ್ರ್ಯಾಕ್ಟರಿನ ನಟ್ಟು ಸಿಕ್ಕವು. ಮುಂದೆ ಅವರ ಕಣ್ಣು ಬದು ದಾಟಿತು.

ನಾವು ಜವಳಗೇರಾಕ್ಕೆ ಮದುವೆಗೆ ಹೋಗಿದ್ದ ದಿನ ಹಾಡುಹಗಲೇ ಅವ್ವನ ಮಣ್ಣು ಅಗೆದರು. ಮಷೀನು ಅಲ್ಲಿ ಬಾಯಿ ಬಿಟ್ಟು ಅತ್ತಿರಬೇಕು, ಇಪ್ಪತ್ತೊಂದು ತಗಡಲ್ಲವೇ? ತಗಡುಗಳು ಎದ್ದವು, ಕೆಳಗೆ ಬೆಳ್ಳಗೆ ವಿಭೂತಿ ಕಂಡಿತು. ಆಗ ಅಂಜಿ, ಮಣ್ಣು ಎಳೆದು, ತಗಡುಗಳನ್ನು ಬದುವಿನ ಮೇಲೆ ಎಸೆದು ಹೋದರು. ಮರುದಿನ ನಾನು ಮುಳ್ಳಿನೊಳಗೆ ಕೈಹಾಕಿ ಆರಿಸಿದೆ. ಹತ್ತೊಂಬತ್ತು ಸಿಕ್ಕವು.

ತಗಡು ಸೆರಗಿನಲ್ಲಿ ಕಟ್ಟಿಕೊಂಡು ನೇರ ಅವನ ಮನೆ ಕಟ್ಟೆಗೆ ಹೋದೆ. ಗಂಟು ಬಿಚ್ಚಲಿಲ್ಲ. ಎದುರಾಳಿಗೆ ನಮ್ಮ ಕಾಗದ ಮೊದಲೇ ತೋರಿಸಬಾರದು ಎಂಬುದು ಚರ್ಚಾಸ್ಪರ್ಧೆಯಲ್ಲಿ ಕಲಿತ ಪಾಠ. ನಾಲ್ಕು ಜನ ಚಹಾ ಕುಡಿಯುತ್ತ ಕೂತಿದ್ದರು.

“ದೊಡ್ಡಪ್ಪ, ಅವ್ವನ ಮಣ್ಣು ಯಾಕ ಅಗದಿ?”

“ನಾ ಎಲ್ಲಿ ಅಗದೇನಿ? ನಾಯಿ ಕೆದರಿರಬೇಕು.”

“ನಾಯಿ ಸಲಿಕಿ ಹಿಡಕೊಂಡು ಬಂದಿತ್ತೇನು? ಅಂಚು ನೆಟ್ಟಗ ಐತಿ.”

ಅವನು ಉಳಿದವರ ಕಡೆ ತಿರುಗಿದ. “ನೋಡ್ರೆಪಾ, ಸಿಂಧನೂರಾಗ ಕಲ್ತು ಬಂದಾಳ. ತಂಗಿ, ಅಲ್ಲಿ ಮಾತಾಡಿದ್ರ ಕಪ್ ಕೊಡ್ತಾರ. ಇಲ್ಲಿ ಕಪ್ಪಿನಾಗ ಚಾ ಸೈತ ಯಾರೂ ಕೊಡಂಗಿಲ್ಲ. ನಡಿ ಮನಿಗೆ.”

ಕಟ್ಟೆ ನಕ್ಕಿತು. ಸಭೆ ನಗುವುದು ನನಗೆ ರೂಢಿ, ಆದರೆ ನನ್ನ ಕಡೆಗೆ ತಿರುಗಿ ನಕ್ಕದ್ದು ಅದೇ ಮೊದಲು. ಮನೆಗೆ ಬಂದರೆ ಅಪ್ಪ ಅಂದ, “ಬಿಡವಾ, ನಮ್ಮ ಕಡೆ ಸಾಕ್ಷಿ ಯಾರದಾರ? ಮಣ್ಣು ಸರಿ ಮಾಡೂಣು.” ಮಣ್ಣು ಸರಿ ಮಾಡಿದೆವು. ತಗಡು ಮಾತ್ರ ನಾನು ಕೊಡಲಿಲ್ಲ. ನನಗೆ ಬೇಕಾದದ್ದು ಒಂದೇ: ಅಗೆದವನು ನಾನು ಎಂದು ಅವನು ನಾಲ್ಕು ಜನರ ಮುಂದೆ ತನ್ನ ಬಾಯಿಂದ ಹೇಳಬೇಕು.

ಬಾಯಿಗೆ ಸಾಕ್ಷಿ ಹುಡುಕುವುದಲ್ಲ, ಬಾಯಿಯನ್ನೇ ಸಾಕ್ಷಿ ಮಾಡುವುದು. ಹದಿನೈದು ದಿನ ಇದನ್ನೇ ಉಂಡೆ, ಇದನ್ನೇ ಹೊದ್ದೆ.

ಒಂದು ಮಧ್ಯಾಹ್ನ ಅವರೆಲ್ಲ ಸಂತೆಗೆ ಹೋದಾಗ ದೊಡ್ಡಪ್ಪನ ಹತ್ತಿಹೊಲದ ನಟ್ಟನಡುವೆ, ಕಾಯಿ ಒಡೆದು ಬೆಳ್ಳಗೆ ನಿಂತ ಸಾಲುಗಳ ಮಧ್ಯೆ, ಮೊಳ ಆಳ ತೋಡಿ ಹತ್ತೊಂಬತ್ತೂ ತಗಡು ಹುಗಿದೆ. ಬಾಟಲಿ ನೀರು ಹಾಕಿ ಮಣ್ಣು ಕೂಡಿಸಿದೆ. ಎರೆಮಣ್ಣು ಒಣಗಿದರೆ ತಾನೇ ಬಿರಿಯುತ್ತದೆ, ಗುರುತು ಉಳಿಯುವುದಿಲ್ಲ. ಹತ್ತು ದಿನ ಬಿಟ್ಟು ಗಿರಣಿಯಲ್ಲಿ ದೊಡ್ಡವ್ವ ಸಿಕ್ಕಳು.

“ದೊಡ್ಡವ್ವ, ನಿಮ್ಮ ಹತ್ತಿ ಹೊಲ ಹಾದು ಬಂದ್ರ ಅಂಗಾಲು ಝುಂ ಅಂತಾವ ನೋಡು. ಮುಳ್ಳಿನ ನಂಜು ಇರಬೇಕು.”

ಸಂಜೆಯೊಳಗೆ ದೊಡ್ಡಪ್ಪ ನಮ್ಮ ಬಾಗಿಲಲ್ಲಿ.

“ಏನವಾ ತಾಯಿ, ಕಾಲು ಹೆಂಗದಾವ?”

“ಅದೆಲ್ಲ ಮೂಢನಂಬಿಕಿ ದೊಡ್ಡಪ್ಪ. ನಾನ ಎಷ್ಟು ಸಲ ಹೇಳೇನಿ.”

“ಅದು ಭಾಷಣದಾಗ. ನನ್ನ ಮುಂದ ಖರೇ ಹೇಳು.”

ನಾನು ಬೇಡ ಅಂದಷ್ಟೂ ಅವನಿಗೆ ಅದು ಗಟ್ಟಿಯಾಯಿತು. ಮರುದಿನ ಬೆಳಿಗ್ಗೆ ನಾನು ಚಪ್ಪಲಿ ಬಿಟ್ಟು ಅವನ ಹೊಲದಲ್ಲಿ ನಡೆದೆ. ಹಿಂದೆ ಅವನು, ಮಷೀನಿನವ, ಸಲಿಕೆಯ ಇಬ್ಬರು ಆಳು, ಅವರ ಹಿಂದೆ ಸುದ್ದಿ ಕೇಳಿ ಬಂದ ಅರ್ಧ ಊರು. ಹೆಜ್ಜೆಗೊಂದು ಹತ್ತಿಗಿಡ ಮುರಿಯುತ್ತಿತ್ತು. ಬೇಕೆಂದೇ ಸುತ್ತು ಹಾಕಿದೆ. ಎರಡು ಸಲ ಅನುಮಾನಿಸಿ ನಿಂತೆ, ಎರಡೂ ಸಲ ಅವನು ಉಸಿರು ಹಿಡಿದ. ಆ ಉಸಿರಿನ ರುಚಿ ಇನ್ನೂ ನನ್ನ ನಾಲಿಗೆಯಲ್ಲಿದೆ. ಆಮೇಲೆ ನಿಲ್ಲಬೇಕಾದಲ್ಲಿ ನಿಂತೆ.

ಮಷೀನು ಕುಂಯ್ ಎಂದಿತು. ಹತ್ತಿ ಕಿತ್ತರು, ಅಗೆದರು. ಮೊದಲ ತಗಡು ಸಿಕ್ಕ ಕೂಡಲೇ ಮಷೀನಿನವ ಮಣ್ಣನ್ನೂ ಒರೆಸದೆ, “ತಾಮ್ರಪಟ ಐತ್ರಿ ಧಣಿ. ಅಶೋಕನ ಕಾಲದ್ದು” ಎಂದ. ದೊಡ್ಡಪ್ಪ ನೋಡಲು ಮುಂದೆ ಬಾಗಿದ. ಅಷ್ಟರಲ್ಲಿ ಹಿಂದಿನಿಂದ ಮುದುಕಿಯೊಬ್ಬಳು ಕೈಚಾಚಿ ಇಸಿದುಕೊಂಡು ಅಂಚು ಒರೆಸಿದಳು. ಅವ್ವನ ಜೊತೆ ಕಳೆ ತೆಗೆಯಲು ಬರುತ್ತಿದ್ದವಳು, ಅವ್ವನಿಗೆ ಕೊನೆಯ ನೀರು ಎರೆದವಳು.

“ಎಲ್ಲಿ ಅಶೋಕನೋ. ಬಳ್ಳಿ ನೋಡ್ರಿ ಇಲ್ಲಿ. ಇದು ನಿನ್ನ ತಮ್ಮನ ಹೆಣತಿ ಕೊಡ. ಆಕಿ ತಲಿ ಮ್ಯಾಲ ಇಟ್ಟಿದ್ದು ನನ್ನ ಕಣ್ಣಾರೆ ನೋಡೇನಿ. ಇಲ್ಲಿಗೆ ಹೆಂಗ ಬಂತು?”

ದೊಡ್ಡಪ್ಪ ತಗಡನ್ನು ನೋಡಿದ. ಹೆಬ್ಬೆರಳಿನಿಂದ ಅಕ್ಷರ ತಿಕ್ಕಿದ. ಅಗೆದವರು ಯಾರು ಎಂದು ಯಾರೂ ಕೇಳಿರಲಿಲ್ಲ, ನಾನಂತೂ ತುಟಿ ಬಿಚ್ಚಿರಲಿಲ್ಲ. ಅವನೇ ಅಂದ:

“ನಾ ಇವನ್ನ ಬದುವಿನ ಮ್ಯಾಲ ಒಗದಿದ್ನಲ್ಲ.”

ಒಂದೇ ವಾಕ್ಯ. ನನ್ನ ಯಾವ ಭಾಷಣವೂ ಅಷ್ಟು ಚೊಕ್ಕ ಬಂದಿಲ್ಲ.

“ಹಂಗಾದ್ರ ನಾಯಿ ಅಲ್ಲ, ದೊಡ್ಡಪ್ಪ?” ಎಂದೆ.

ಅವನು ತಗಡುಗಳನ್ನು ಟವೆಲ್ಲಿನಲ್ಲಿ ಕಟ್ಟಿ ಬದು ದಾಟಿ ಬನ್ನಿಗಿಡದ ಹತ್ತಿರ ಹೋದ. ಮನೆಯಿಂದ ಇನ್ನೊಂದು ತರಿಸಿದ, ಅದು ಅವನ ದೇವರ ಜಗಲಿಯ ಮೇಲೆ ಇತ್ತಂತೆ. ಅಯ್ಯನೋರನ್ನು ಕರೆಸಿ ಇಪ್ಪತ್ತನ್ನೂ ಮಣ್ಣಿಗೆ ಕೊಟ್ಟು ಅಡ್ಡಬಿದ್ದ. “ತಪ್ಪಾತವಾ, ಹೊಟ್ಟಿಗೆ ಹಾಕ್ಕೋ” ಅಂದದ್ದು ಅವ್ವನಿಗೆ. ಅಪ್ಪನ ಕಡೆ, ನನ್ನ ಕಡೆ ಕಣ್ಣೆತ್ತಲಿಲ್ಲ. ಸತ್ತವಳು ಸಿಟ್ಟಾಗಿ ತಗಡುಗಳನ್ನು ತನ್ನ ಹೊಲಕ್ಕೆ ನಡೆಸಿದಳು ಎಂದು ಅವನು ನಂಬಿದ, ಊರೂ ನಂಬಿತು. ಅವನು ಸೋತದ್ದು ನನ್ನೆದುರಿಗಲ್ಲ, ದೆವ್ವದೆದುರಿಗೆ. ಇದು ನನಗೆ ಇವತ್ತಿಗೂ ಚುಚ್ಚುತ್ತದೆ.

ಇನ್ನೊಂದು ದಂಡವೂ ನನ್ನ ಪಾಲಿಗೆ ಬಂತು. ಸಾಲಗುಂದದಿಂದ, ದಢೇಸುಗೂರಿನಿಂದ ಜನ ಬೈಕ್ ಹತ್ತಿ ಬರತೊಡಗಿದರು. “ತಂಗಿ, ಬೋರ್ ಹಾಕಿಸಬೇಕಾಗೇತಿ. ನಮ್ಮ ಹೊಲದಾಗ ಒಂದೀಟು ನಿಂದ್ರು ಬಾರವಾ.” ಯಾವ ನಂಬಿಕೆಯನ್ನು ವೇದಿಕೆ ಮೇಲೆ ನಿಂತು ಹೊಡೆದಿದ್ದೆನೋ ಅದಕ್ಕೆ ನಾನೇ ನೀರೆರೆದು ಬೆಳೆಸಿದ್ದೆ. ಖರೆ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ದೊಡ್ಡಪ್ಪನ ಅಂಜಿಕೆಯೇ ಅವ್ವನ ಮಣ್ಣಿಗೆ ಕಾವಲಾಗಿತ್ತು. ಸೋಮವಾರಕ್ಕೊಮ್ಮೆ ಬದು ದಾಟಿ ಬಂದು ದೀಪ ಹಚ್ಚುತ್ತಿದ್ದ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಪಾಪ ಅನಿಸಿತೇ ಎಂದು ಕೇಳಿದರೆ, ಇಲ್ಲ.

ಈ ವರ್ಷ ಅಪ್ಪ ಅಲ್ಲಿ ಕಲ್ಲಿನ ಗದ್ದುಗೆ ಕಟ್ಟಿಸಿದ. ಇನ್ನು ಯಾವ ಸಲಿಕೆಯೂ ಇಳಿಯುವುದಿಲ್ಲ, ಅಂಜಿಕೆಯ ಕಾವಲು ಬೇಕಾಗಿಲ್ಲ. ಅದಕ್ಕೇ ಈಗ ಬರೆದಿದ್ದೇನೆ. ದೊಡ್ಡಪ್ಪ ಅಕ್ಷರ ಬಲ್ಲವನು, ಕಟ್ಟೆಯ ಮೇಲೆ ಯಾರಾದರೂ ಒಬ್ಬರು ಅವನ ಕೈಗೆ ಇದನ್ನು ಇಟ್ಟೇ ಇಡುತ್ತಾರೆ. ತಗಡು ನಡೆಸಿದವಳು ಅವ್ವ ಅಲ್ಲ, ನಾನು. ಇಷ್ಟು ಸೋಮವಾರ ನೀನು ಎಣ್ಣೆ ಹಾಕಿದ್ದು ನನ್ನ ಬಾಟಲಿ ನೀರಿಗೆ.

ಇಪ್ಪತ್ತೊಂದನೆಯ ತಗಡು ಇನ್ನೂ ಬಂದಿಲ್ಲ. ಪರೀಕ್ಷೆ ಮಾಡಿಸುತ್ತೇನೆಂದು ಮಷೀನಿನವ ಒಯ್ದನಂತೆ. ಲಿಂಗಸುಗೂರು ದೂರವೇನಲ್ಲ ದೊಡ್ಡಪ್ಪ. ಹೋಗಿ ತಗೊಂಡು ಬಾ. ಅಪ್ಪ ಗದ್ದುಗೆಯ ಒಂದು ಕಲ್ಲಿಗೆ ಸಿಮೆಂಟು ಹಾಕದೆ ಹಾಗೇ ಬಿಟ್ಟಿದ್ದಾನೆ.