ಅಧಿಕ ಮಾಸದ ನಾಲ್ಕು ವಾರ

ಮೊನ್ನೆ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ತಿರುವಿದೆ. ಹಾಳೆಯಿಂದ ಮಸಿಯ ವಾಸನೆ, ಒಗ್ಗರಣೆಯ ಎಣ್ಣೆ ಜಿಡ್ಡಿನ ವಾಸನೆ ಎರಡೂ ಒಟ್ಟಿಗೆ ಬಂದವು. ಎಂಟು ವರ್ಷದ ಮಗಳು ಪಕ್ಕದಲ್ಲಿ ನಿಂತು ಅಕ್ಷರಗಳ ಮೇಲೆ ಬೆರಳಿಟ್ಟು ಓದಿದಳು. ಅಧಿಕ ಜ್ಯೇಷ್ಠ. ಅದರ ಕೆಳಗೆ ನಿಜ ಜ್ಯೇಷ್ಠ.

“ಅವ್ವಾ, ಒಂದೇ ತಿಂಗಳು ಎರಡು ಸಲ ಯಾಕ ಬಂದದ?”

ಚಂದ್ರನ ಲೆಕ್ಕ ಹಿಂದೆ ಬೀಳುತ್ತದೆ, ಅದನ್ನು ಸರಿಮಾಡಲು ನಡುವೆ ಒಂದು ತಿಂಗಳು ಹೆಚ್ಚಿಗೆ ಸೇರಿಸುತ್ತಾರೆ, ಆ ತಿಂಗಳಿಗೆ ಹಬ್ಬ ಇರುವುದಿಲ್ಲ ಅಂತ ಶಾಲೆಯಲ್ಲಿ ಹೇಳುವಂತೆಯೇ ಹೇಳಿದೆ. ಎಂಟು ವರ್ಷದ ಹಿಂದೆಯೂ ಹೀಗೇ ಜ್ಯೇಷ್ಠವೇ ಎರಡು ಸಲ ಬಂದಿತ್ತು. ಆ ಹಬ್ಬವಿಲ್ಲದ ತಿಂಗಳನ್ನು ಎಣಿಸಲು ಮರೆತ ಒಬ್ಬ ಹೆಂಗಸು ನೆನಪಾದರು…

ಆಗ ನಾವು ಮಳಖೇಡದಲ್ಲಿದ್ದೆವು. ಕೋಟೆಯ ಗೋಡೆ ಬಿದ್ದ ಕಡೆಯಿಂದ ಕೆಳಗಿಳಿದರೆ ನಮ್ಮ ಓಣಿ. ಸಿಮೆಂಟ್ ಕಾರ್ಖಾನೆಯ ಬೂದು ಧೂಳು ಬೇವಿನ ಎಲೆಯ ಮೇಲೆ ಸದಾ ಕೂತಿರುತ್ತಿತ್ತು. ಮಳೆ ಬಂದು ತೊಳೆದಾಗ ಮಾತ್ರ ಮರಗಳು ಹಸಿರು ಅಂತ ಗೊತ್ತಾಗುತ್ತಿತ್ತು. ನಮ್ಮ ಮನೆಯಿಂದ ಮೂರನೇ ಬಾಗಿಲು ಅವರದು. ಊರಿಗೆಲ್ಲ ಅವರು ನರ್ಸಬಾಯಿ. ಚಿಂಚೋಳಿ ಕಡೆಯವರಾದ್ದರಿಂದ ಮಾತಿನ ನಡುವೆ ತೆಲುಗು ಇಣುಕುತ್ತಿತ್ತು. ಹೆಗಲಿಗೊಂದು ಚೀಲ, ಕೈಯಲ್ಲಿ ಕಪ್ಪು ಕೊಡೆ, ಹತ್ತಿರ ಬಂದರೆ ಸ್ಪಿರಿಟ್ಟು ಮತ್ತು ಎಲೆ ಅಡಿಕೆಯ ವಾಸನೆ. ಬಸುರಿ ಹೆಂಗಸರನ್ನು ಬೈದು ಗುಳಿಗೆ ನುಂಗಿಸುವುದರಲ್ಲಿ ಅವರದು ಎತ್ತಿದ ಕೈ.

ಅವರ ರಿಜಿಸ್ಟರಿಗೆ ಬಸುರಿಯರ ಕೊನೆಯ ಮುಟ್ಟಿನ ತಾರೀಖು ಬೇಕಿತ್ತು. ನಮ್ಮ ಹೆಂಗಸರ ಬಾಯಲ್ಲಿ ತಾರೀಖು ಎಲ್ಲಿತ್ತು? ಯುಗಾದಿ ಆಗಿ ನಾಲ್ಕನೇ ದಿನಕ್ಕೆ ಹೊರಗಾಗಿದ್ದೆ ಅನ್ನುವವರು, ಕಾರಹುಣ್ಣಿಮೆಯ ಮುಂಚಿನ ಸೋಮವಾರ ಅನ್ನುವವರು. ಅದಕ್ಕೆ ನರ್ಸಬಾಯಿ ತಮ್ಮ ಅಡುಗೆಮನೆಯ ಬಾಗಿಲ ಹಿಂದಿನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಪಟ್ಟಿ ಬರೆದಿದ್ದರು. ಯುಗಾದಿಯಿಂದ ಬಸವ ಜಯಂತಿಗೆ ನಾಲ್ಕು ವಾರ. ಬಸವ ಜಯಂತಿಯಿಂದ ಕಾರಹುಣ್ಣಿಮೆಗೆ ಆರು. ಅಲ್ಲಿಂದ ಮಣ್ಣೆತ್ತಿನ ಅಮಾವಾಸ್ಯೆಗೆ ಎರಡು. ಹೀಗೆ ಶಿವರಾತ್ರಿ, ಹೋಳಿಯವರೆಗೂ ಇತ್ತು. ಯಾವ ಬ್ಯಾಂಕಿನ ಕ್ಯಾಷಿಯರೂ ಅವರಷ್ಟು ಚುರುಕಾಗಿ ಎಣಿಸಲಾರ. ಹಬ್ಬದ ಹೆಸರು ಹೇಳಿದರೆ ಸಾಕು, ಅವರು ಗೋಡೆ ನೋಡದೆಯೇ ವಾರ ಹೇಳಿಬಿಡುತ್ತಿದ್ದರು.

ನನ್ನ ಮಗಳಿಗೆ ಆಗ ಒಂಬತ್ತು ತಿಂಗಳು. ಅವಳು ಹುಟ್ಟುವಾಗ ಹೊಟ್ಟೆ ಕೊಯ್ದಿದ್ದರು. ರಕ್ತ ನಿಲ್ಲದೆ ನಾನು ಎರಡು ದಿನ ಇತ್ತ ಕಡೆಯೂ ಇರಲಿಲ್ಲ, ಅತ್ತ ಕಡೆಯೂ ಇರಲಿಲ್ಲ. ಮೂರು ವರ್ಷ ಇನ್ನೊಂದು ಬೇಡ ಅಂತ ಡಾಕ್ಟರು ಹೇಳಿ ಕಳಿಸಿದ್ದರು. ನರ್ಸಬಾಯಿ ಕೊಟ್ಟ ಗುಳಿಗೆ ನಡುವೆ ಒಂದಷ್ಟು ದಿನ ತಪ್ಪಿದವು, ಅಷ್ಟರಲ್ಲಿ ಆಗಬಾರದ್ದು ಆಗಿತ್ತು. ನನಗೆ ಭಯವಿತ್ತು, ಅದು ನಿಜ. ಆದರೆ ಬರೀ ಭಯವಲ್ಲ. ನನಗೆ ಬೇಡವಾಗಿತ್ತು, ಅಷ್ಟೇ. ಅದನ್ನು ಇಷ್ಟು ಸರಳವಾಗಿ ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಬಸುರಾಗಿದ್ದೇನೆ, ತೆಗೆಸಬೇಕು ಅಂತಷ್ಟೇ ಗಂಡನಿಗೆ ಹೇಳಿದೆ. ಕಾರ್ಖಾನೆಯ ಶಿಫ್ಟು ಮುಗಿಸಿ ಬಂದು ಕೈ ತೊಳೆಯುತ್ತಿದ್ದವರು ನೀರು ಬಿಟ್ಟು ನನ್ನ ಮುಖ ನೋಡಿದರು. “ಅವ್ವನ್ನ ಕೇಳಿ ಹೇಳ್ತೀನಿ” ಅಂದರು. ಕೆಟ್ಟವರಲ್ಲ. ಆದರೆ ಅವರ ಎಲ್ಲ ಉತ್ತರಗಳೂ ನಮ್ಮ ಅತ್ತೆಯ ಸೆರಗಿನಲ್ಲಿ ಗಂಟು ಹಾಕಿಟ್ಟಿದ್ದವು. ಅತ್ತೆಯ ಉತ್ತರ ನನಗೆ ಕೇಳದೆಯೇ ಗೊತ್ತಿತ್ತು, ಯಾಕೆಂದರೆ ಈ ಬಸುರಿನ ಸುದ್ದಿ ಗೊತ್ತಿಲ್ಲದಿದ್ದರೂ ಅವರು ಮುಂದೆ ಹುಟ್ಟುವ ಮೊಮ್ಮಗನಿಗೆ ಆಗಲೇ ಹೆಸರು ಇಟ್ಟು ಕೂತಿದ್ದರು.

ಕಾರಹುಣ್ಣಿಮೆಯ ದಿನ ಓಣಿಯ ಎತ್ತುಗಳಿಗೆಲ್ಲ ಬಣ್ಣ ಬಳಿದಿದ್ದರು. ಅದನ್ನು ನೋಡಲು ಎಲ್ಲರೂ ಹೊರಗೆ ಹೋದಾಗ ನಾನು ಮಗಳನ್ನೆತ್ತಿಕೊಂಡು ಮೂರನೇ ಬಾಗಿಲಿಗೆ ಹೋದೆ. ಬಸವ ಜಯಂತಿಯ ದಿನ ಹೊರಗಾಗಿದ್ದೆ ಅಂದೆ. ಆ ದಿನ ಬಸವಣ್ಣನ ತೊಟ್ಟಿಲು ತೂಗಲು ಎಲ್ಲ ಹೆಂಗಸರೂ ಸೇರಿದಾಗ ಅತ್ತೆ ನನ್ನೊಬ್ಬಳನ್ನು ದೂರ ಕೂಡಿಸಿದ್ದರು, ಹಾಗಾಗಿ ಮರೆಯುವಂತಿರಲಿಲ್ಲ.

“ಸೂತಕ ಇಲ್ಲ ಅಂತ ಬಸವಣ್ಣ ಹೇಳ್ಯಾನ. ಆತನ ತೊಟ್ಟಿಲಿಗೇ ಸೂತಕ ಹಚ್ಚ್ಯಾರ ನಿಮ್ಮತ್ತಿ” ಅಂತ ನರ್ಸಬಾಯಿ ನಕ್ಕರು. ಆಮೇಲೆ ನಗು ನಿಲ್ಲಿಸಿ, “ಆರು ವಾರ. ಟೈಂ ಭಾಳ ಅದ ತಂಗಿ. ಗಡಿಬಿಡಿ ಬ್ಯಾಡ. ಗಂಡನ ಜೋಡಿ ಇನ್ನೊಮ್ಮೆ ಮಾತಾಡು, ಮನಸ್ಸು ಗಟ್ಟಿ ಮಾಡ್ಕೋ. ಮಣ್ಣೆತ್ತಿನ ಅಮಾಸಿ ಆದ ಮರುದಿನ ಸೇಡಂಕ ಹೋಗಾಮ” ಅಂದರು.

ಆ ಎರಡು ವಾರ ನಾನು ನಿದ್ದೆಗಣ್ಣಿನಲ್ಲಿ ನಡೆದಂತೆ ಕಳೆದೆ. ಕಾಗಿಣಾ ಹೊಳೆಯ ಮಣ್ಣು ತಂದು ಅಮಾವಾಸ್ಯೆಗೆ ಎತ್ತು ಮಾಡಿದ್ದು ನೆನಪಿದೆ. ಕೊಂಬು ನಿಲ್ಲುತ್ತಲೇ ಇರಲಿಲ್ಲ… ಗಂಡ ಅವ್ವನನ್ನು ಕೇಳಲೂ ಇಲ್ಲ, ನನಗೆ ಹೇಳಲೂ ಇಲ್ಲ.

ಮರುದಿನ ಬೆಳಿಗ್ಗೆ ನರ್ಸಬಾಯಿ ನಮ್ಮ ಕಟ್ಟೆಯ ಮೇಲೆ ಬಂದು ಕೂತರು. “ಯಕ್ಕಾ, ಸೊಸಿದು ಆಪರೇಷನ್ ಹೊಲಿಗಿ ಡಾಕ್ಟರಿಗೆ ತೋರಿಸ್ಬೇಕ್ರಿ. ನಾನೇ ಕರ್ಕೊಂಡು ಹೋಗಿ ಬರ್ತೀನಿ” ಅಂತ ಅತ್ತೆಗೆ ಹೇಳಿದರು. ಅತ್ತೆ ಅವರಿಗೆ ಚಹಾ ಕೊಟ್ಟು, ಮಗಳ ಸಮೇತ ನನ್ನನ್ನು ಕಳಿಸಿಕೊಟ್ಟರು.

ಸೇಡಂನ ಆ ದವಾಖಾನೆಯ ಹೆಸರು ಬೇಡ. ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತ ಫಾರಂ ನೋಡಿ, ಗಂಡನ ಸಹಿ ಎಲ್ಲಿ ಅಂದ. ನರ್ಸಬಾಯಿ ಚೀಲದಿಂದ ಮಡಚಿ ಮಡಚಿ ಹರಿದುಹೋಗಿದ್ದ ಒಂದು ಕಾಗದ ತೆಗೆದು ಅವನ ಮುಂದೆ ಹರಡಿದರು.

“ಓದ್ರಿ. ಹದಿನೆಂಟು ದಾಟಿದ ಹೆಣ್ಣುಮಗಳಿಗೆ ಆಕಿ ಸಹಿ ಒಂದೇ ಸಾಕು ಅಂತ ಕಾನೂನು ಅದ. ಇದರಾಗ ಗಂಡಂದು ಜಾಗ ಎಲ್ಲಿ ಅದ, ನೀವೇ ತೋರಿಸ್ರಿ.”

“ನಮ್ಮ ದವಾಖಾನಿ ರೂಲ್ಸು ಹಂಗ ಅದ್ರಿ ಬಾಯಿ.”

“ಸರ್ಕಾರದ ಕಾನೂನಿನ ಮ್ಯಾಲ ನಿಮ್ಮ ದವಾಖಾನಿ ಅಟ್ಟ ಕಟ್ಯದೇನ್ರಿ?”

ಸಾಲಿನಲ್ಲಿದ್ದವರು ನಕ್ಕರು. ಗುಮಾಸ್ತ ಫಾರಂ ಒಳಗೆ ಕಳಿಸಿದ. ಗೆದ್ದೆವು ಅಂದುಕೊಂಡೆ. ಆದರೆ ಒಳಗೆ ಲೇಡಿ ಡಾಕ್ಟರು ಸ್ಕ್ಯಾನ್ ಮಾಡಿ ಕನ್ನಡಕ ಸರಿಪಡಿಸಿಕೊಂಡರು. ಎಂಟು ವಾರವಲ್ಲ, ಹನ್ನೆರಡು ದಾಟಿದೆ ಅಂದರು. ಆಗಿನ ಕಾನೂನಿನಲ್ಲಿ ಹನ್ನೆರಡು ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕಿತ್ತು. ದಾಟಿದರೆ ಇಬ್ಬರದು ಬೇಕು. ಒಂದೆರಡು ದಿನ ದಾಟಿದ್ದರೂ ದಾಟಿದಂತೆಯೇ. ಇಂಥದ್ದಕ್ಕೆ ಸಹಿ ಹಾಕಬಹುದಾದ ಇನ್ನೊಬ್ಬ ಡಾಕ್ಟರು ಆ ವಾರ ಸೇಡಂನಲ್ಲಿರಲಿಲ್ಲ.

ನರ್ಸಬಾಯಿ ನಂಬಲಿಲ್ಲ. ಬೆರಳು ಮಡಚಿ ಹಬ್ಬಗಳನ್ನು ಮತ್ತೆ ಎಣಿಸಿದರು. ಆರು, ಎರಡು, ಎಂಟು. ಮತ್ತೆ ಎಣಿಸಿದರು. ಹಾಗೆಯೇ ಅವರ ಕೈ ನಿಂತುಹೋಯಿತು.

“ಯವ್ವಾ… ಅಧಿಕ ಮಾಸ.”

ಅಧಿಕ ಮಾಸ ಬಂದಿದ್ದು ಊರಿಗೆಲ್ಲ ಗೊತ್ತಿತ್ತು. ನನ್ನ ತವರಿನವರು ಅಳಿಯನನ್ನು ಕರೆದು ಹೋಳಿಗೆ ಉಣ್ಣಿಸಿ, ಹೊಸ ಬಟ್ಟೆ ಕೊಟ್ಟು ಕಳಿಸಿದ್ದರು. ಆದರೂ ಎಣಿಸುವಾಗ ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ಹಬ್ಬದಿಂದ ಹಬ್ಬಕ್ಕೆ ಕಾಲಿಡುತ್ತ ಹೋಗುವ ಲೆಕ್ಕದಲ್ಲಿ ಹಬ್ಬವಿಲ್ಲದ ತಿಂಗಳಿಗೆ ಕಾಲೂರುವ ಜಾಗವೇ ಇರಲಿಲ್ಲ. ಕಾರಹುಣ್ಣಿಮೆಗೇ ಬಂದಿದ್ದರೆ ಹತ್ತು ವಾರ, ಒಂದೇ ಸಹಿಗೆ ಮುಗಿಯುತ್ತಿತ್ತು.

ಡಾಕ್ಟರು ಫೋನು ಮಾಡಿ ವಿಚಾರಿಸಿದರು. ಶಹಾಬಾದದಲ್ಲಿ ಒಬ್ಬ ಹಿರಿಯ ಲೇಡಿ ಡಾಕ್ಟರು ಇದ್ದಾರೆ, ಸಂಜೆ ನಾಲ್ಕರೊಳಗೆ ಹೋದರೆ ನೋಡುತ್ತಾರೆ, ನಾಳೆಯಿಂದ ಹದಿನೈದು ದಿನ ಅವರು ಊರಲ್ಲಿರುವುದಿಲ್ಲ ಅಂದರು. ಆಗ ಹನ್ನೊಂದು ಗಂಟೆ.

ಆ ರೈಲಿನ ಪ್ರಯಾಣ ನನಗೆ ಈಗಲೂ ಕನಸಿನಂತೆಯೇ ಬರುತ್ತದೆ. ಸೇಡಂನಿಂದ ಪ್ಯಾಸೆಂಜರ್ ಗಾಡಿ. ನಮ್ಮದೇ ಊರು ಕಿಟಕಿಯಲ್ಲಿ ಬಂದು ಹಿಂದೆ ಹೋಯಿತು. ಅಲ್ಲಿ ಇಳಿಯಬೇಕಾದವಳು ಇಳಿಯದೆ ಕೂತಿದ್ದೆ. ತೊಗರಿ ಬಿತ್ತಿದ ಕರಿ ಹೊಲಗಳ ಮೇಲೆ ಮೋಡದ ನೆರಳು ನಮ್ಮ ಗಾಡಿಯ ಜೊತೆಗೇ ಓಡುತ್ತಿತ್ತು. ಚಿತ್ತಾಪುರದಲ್ಲಿ ಬಹಳ ಹೊತ್ತು ನಿಂತಿತು, ಯಾಕೋ… ಯಾರೂ ಕೇಳಲಿಲ್ಲ. ಪೇರಲ ಮಾರುವವಳು ನನ್ನ ಮುಖ ನೋಡಿ ಒಂದು ಹಣ್ಣು ಮಗಳ ಕೈಗಿಟ್ಟು ಮುಂದೆ ಹೋದಳು. ನರ್ಸಬಾಯಿ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಟ್ಟುತ್ತಿದ್ದರು. ವಾಡಿಯಲ್ಲಿ ಗಾಡಿ ಬದಲಿಸುವಾಗ ಮೆಟ್ಟಿಲ ಮೇಲೆ ನನ್ನ ಕೈ ಬಿಗಿಯಾಗಿ ಹಿಡಿದಿದ್ದರು.

“ತಪ್ಪು ನಂದದ ತಂಗಿ. ನಿನಗ ನಾ ಹೇಳಿದ್ದು ಸುಳ್ಳಾಯ್ತು” ಅಂದರು. ಮುಂದಿನ ಗಾಡಿಯಲ್ಲಿ ಕೂತ ಮೇಲೆ, ಕಿಟಕಿಯ ಕಡೆ ನೋಡುತ್ತ, ತಮಗೇ ಹೇಳಿಕೊಂಡಂತೆ ಹೇಳಿದರು. ಅವರು ಚಿಂಚೋಳಿಯಲ್ಲಿದ್ದಾಗ ಒಬ್ಬಳು ಬಂದಿದ್ದಳಂತೆ. ಗಂಡನ ಸಹಿ ತಾ ಅಂತ ದವಾಖಾನೆಯವರು ಹಿಂದಕ್ಕೆ ಕಳಿಸಿದರು. ಆಗ ನರ್ಸಬಾಯಿಗೂ ಕಾನೂನು ಗೊತ್ತಿರಲಿಲ್ಲ, ಅವರೂ ತಾ ಅಂತಲೇ ಹೇಳಿದರು. ಅವಳು ಸಹಿ ತರಲಿಲ್ಲ. ಊರಲ್ಲಿ ಯಾರೋ ಕೊಟ್ಟ ಔಷಧಿ ಕುಡಿದು ಮೂರನೇ ದಿನಕ್ಕೆ ತೀರಿಕೊಂಡಳು. ಆಮೇಲೆಯೇ ಅವರು ಕಾನೂನಿನ ಆ ಕಾಗದ ಹುಡುಕಿ ಚೀಲದಲ್ಲಿಟ್ಟುಕೊಂಡದ್ದು.

“ಆಕಿ ಹೆಸರು?” ಅಂದೆ.

“ಹೆಸರು ಹೇಳಬಾರದು. ನಿಂದೂ ಹೇಳಂಗಿಲ್ಲ. ನಾಳೆ ಎಲ್ಲಿ ಭೇಟಿಯಾದ್ರೂ ಈ ದಿನ ನನಗ ನೆನಪಿರಂಗಿಲ್ಲ, ತಿಳೀತಾ?”

ಶಹಾಬಾದದಲ್ಲಿ ಇಳಿದಾಗ ಮೂರು ದಾಟಿತ್ತು. ಕಲ್ಲು ಕೊಯ್ಯುವ ಸದ್ದು, ಬಿಳಿ ಧೂಳು, ಎಲ್ಲಿ ನೋಡಿದರೂ ಒಂದರ ಮೇಲೊಂದು ಪೇರಿಸಿಟ್ಟ ಹಾಸುಗಲ್ಲು. ಹಿರಿಯ ಡಾಕ್ಟರು ಮಾತು ಕಡಿಮೆ. ನನ್ನ ಹಳೆಯ ಕಾಗದ ನೋಡಿದರು, ಹೊಟ್ಟೆಯ ಗಾಯ ನೋಡಿದರು, ನಿನಗೆ ಬೇಡ ಅಂತ ನೀನೇ ಹೇಳುತ್ತೀಯಾ ಅಂತ ಒಂದು ಸಲ ಕೇಳಿದರು. ಹೌದು ಅಂದೆ. ಸಹಿ ಹಾಕಿದರು. ಅಂಥ ಪ್ರಶ್ನೆಯನ್ನು ನನ್ನ ಜೀವನದಲ್ಲಿ ಮೊದಲ ಸಲ ಯಾರೋ ನನ್ನನ್ನೇ ಕೇಳಿದ್ದರು. ಹೊರಗೆ ಬಂದು ಕಲ್ಲಿನ ರಾಶಿಯ ಮೇಲೆ ಕೂತು ಅತ್ತುಬಿಟ್ಟೆ. ನರ್ಸಬಾಯಿ ನನ್ನ ಮೇಲೆ ಕೊಡೆ ಹಿಡಿದು ನಿಂತರು.

ಹೊಲಿಗೆ ಇನ್ನೊಮ್ಮೆ ನೋಡಬೇಕಂತೆ ಅಂತ ನರ್ಸಬಾಯಿಯೇ ಅತ್ತೆಗೆ ಹೇಳಿದರು, ಮರುದಿನ ಸೇಡಂನಲ್ಲಿ ಎಲ್ಲ ಮುಗಿಯಿತು. ನನ್ನ ಕಾಗದಗಳನ್ನು ಲಕೋಟೆಗೆ ಹಾಕಿ, ಗುಪ್ತ ಅಂತ ಬರೆದು, ನನ್ನ ಕಣ್ಣೆದುರೇ ಅಂಟಿಸಿದರು. ನಾನು ಬದುಕಿದೆ, ಮಗಳನ್ನು ಬೆಳೆಸಿದೆ, ಓದು ಮುಂದುವರಿಸಿ ಶಾಲೆಯ ಕೆಲಸ ಹಿಡಿದೆ. ವರ್ಷದ ಮೇಲೆ ಗಂಡನಿಗೆ ನಾನೇ ಹೇಳಿದೆ. “ನನಗ ಹೇಳಬೇಕಿತ್ತು” ಅಂದರು. “ಹೇಳಿದ್ದೆ. ನೀವು ಅವ್ವನ್ನ ಕೇಳ್ತೀನಿ ಅಂದ್ರಿ” ಅಂದೆ. ಅಂದಿನಿಂದ ಅವರು ಕೆಲವು ಮಾತಿಗೆ ಅವ್ವನನ್ನು ಕೇಳುವುದನ್ನು ಬಿಟ್ಟರು.

ಎಲ್ಲ ಮುಗಿದ ಕೆಲವು ದಿನಕ್ಕೆ ಒಮ್ಮೆ ನರ್ಸಬಾಯಿಯ ಅಡುಗೆಮನೆಗೆ ಹೋಗಿದ್ದೆ. ಗೋಡೆಯ ಪಟ್ಟಿಯ ಕೆಳಗೆ ಹೊಸ ಸಾಲು ಇತ್ತು. ಅಧಿಕ ಮಾಸ ಬಂದರೆ ನಾಲ್ಕು ಕೂಡಿಸು. ಪೆನ್ಸಿಲಿನಲ್ಲಲ್ಲ, ಪೆನ್ನಿನಲ್ಲಿ ಬರೆದಿದ್ದರು. ಆ ವರ್ಷದ ಕೊನೆಗೆ ಅವರಿಗೆ ಚಿಂಚೋಳಿಗೇ ವರ್ಗವಾಯಿತು.

ಮತ್ತೆ ನೋಡಿದ್ದು ಒಂದೇ ಸಲ, ಗುಂಡಗುರ್ತಿಯ ಒಂದು ಮದುವೆಯಲ್ಲಿ. ನಾನು ಅತ್ತೆಯ ಪಕ್ಕದಲ್ಲಿ ಊಟಕ್ಕೆ ಕೂತಿದ್ದೆ. ನರ್ಸಬಾಯಿ ಎದುರಿಗೆ ಬಂದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅತ್ತೆಗೆ ಎಲ್ಲಿಲ್ಲದ ಖುಷಿ. “ಇವರಿಗೆ ಊರಿನ ಎಲ್ಲಾ ಹೆಂಗಸರ ಲೆಕ್ಕ ಬಾಯಿಪಾಠ ಅದ. ನಮ್ಮ ಸೊಸಿದು ಹೇಳ್ರಿ ನೋಡಮು” ಅಂದರು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

“ಒಂದು ಹೆಣ್ಣು, ಅಲ್ಲೇನ್ರೀ ಯಕ್ಕಾ… ವಯಸ್ಸಾತು, ಈಗ ಏನೂ ನೆನಪಿರಂಗಿಲ್ಲ” ಅಂತ ನರ್ಸಬಾಯಿ ನಕ್ಕರು. ನನ್ನ ಮಗಳ ಗಲ್ಲ ಸವರಿದರು. ನನ್ನ ಕಡೆ ನೋಡಲೂ ಇಲ್ಲ. ಎದ್ದು ಅವರ ಕಾಲು ಮುಟ್ಟಬೇಕಿತ್ತು. ಯಾಕೆ ಅಂತ ಯಾರಾದರೂ ಕೇಳಿದರೆ ಹಿರಿಯರು ಅಂದಿದ್ದರೆ ಆಗುತ್ತಿತ್ತು. ನಾನು ತಲೆ ತಗ್ಗಿಸಿ ಅನ್ನ ಕಲಸುತ್ತ ಕೂತೆ. ಅವರು ಕೊಟ್ಟ ಮಾತಿನಂತೆ ನಡೆದರು, ನಾನು ಹೇಡಿಯಾದೆ.

ಹೋದ ಚಳಿಗಾಲದಲ್ಲಿ ಅವರು ಚಿಂಚೋಳಿಯಲ್ಲಿ ತೀರಿಕೊಂಡರಂತೆ. ನಮ್ಮ ಹಳೆಯ ಓಣಿಯ ಆಶಾ ಕಾರ್ಯಕರ್ತೆ ಯಾವುದೋ ಮಾತಿನ ನಡುವೆ ಹೇಳಿದಳು, ಹೇಳಿ ಮುಂದಿನ ಮಾತಿಗೆ ಹೋದಳು. ಈಗ ಕಾನೂನು ಬದಲಾಗಿದೆ, ಇಪ್ಪತ್ತು ವಾರದವರೆಗೆ ಒಬ್ಬರೇ ಡಾಕ್ಟರು ಸಾಕು. ನಮ್ಮ ಆ ರೈಲು ಪ್ರಯಾಣ ಇಂದಿನವರಿಗೆ ಬೇಕಾಗುವುದಿಲ್ಲ. ಗಂಡನ ಸಹಿ ಕೇಳುವ ಕಿಟಕಿಗಳು ಮಾತ್ರ ಅಲ್ಲಲ್ಲಿ ಹಾಗೆಯೇ ಇವೆ ಅಂತ ಕೇಳುತ್ತೇನೆ. ಮಳಖೇಡದ ಅವರ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಬಾಗಿಲ ಹಿಂದಿನ ಗೋಡೆಗೆ ಸುಣ್ಣ ಬಳಿದಾಗಿದೆ. ನನ್ನ ಹೆಸರು ಮುಚ್ಚಿಡಬೇಕು ಅಂತ ಕಾನೂನು ಹೇಳಿತ್ತು. ಅವರ ಉಪಕಾರವನ್ನೂ ಮುಚ್ಚಿಡು ಅಂತ ನನಗೆ ಯಾರೂ ಹೇಳಿರಲಿಲ್ಲ.

ಮಗಳು ಇನ್ನೂ ಕ್ಯಾಲೆಂಡರಿನ ಮುಂದೆಯೇ ನಿಂತಿದ್ದಳು. ನಾನು ಪೆನ್ನು ತಗೊಂಡು ಹಾಳೆಯ ಅಂಚಿನಲ್ಲಿ ಬರೆದೆ. ಅಧಿಕ ಮಾಸ ಬಂದರೆ ನಾಲ್ಕು ಕೂಡಿಸು.

“ಇದು ನಿನಗ ಯಾರು ಕಲಿಸ್ಯಾರ?”

“ಒಬ್ಬರು ನರ್ಸಬಾಯಿ ಇದ್ದರು. ನಿನ್ನನ್ನ ತೊಡಿ ಮ್ಯಾಲ ಮಲಗಿಸ್ಕೊಂಡು ಶಹಾಬಾದ ತನಕ ಹೋಗಿದ್ದರು.”

“ಹಂಗಾರ ಅವರನ್ನ ನೋಡ್ಲಿಕ್ಕ ಹೋಗಾಮ?”

ಪೆನ್ನಿನ ಮುಚ್ಚಳ ಹಾಕಿದೆ.

“ಹೋಗಬೇಕಿತ್ತವ್ವಾ” ಅಂದೆ.