ಸವೆದ ದವಡೆ ಹಲ್ಲು

ದೇವರ ಮೇಲೆ ಭಾರ ಹಾಕಿ, ಹೆಂಡತಿಯನ್ನು ಭದ್ರಾವತಿಯಿಂದ ಶಿವಮೊಗ್ಗಕ್ಕೆ, ಸವಳಂಗ ರಸ್ತೆಯ ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅವಳದೊಂದು ದವಡೆ ಹಲ್ಲು ಬಿರುಕು ಬಿಟ್ಟಿತ್ತು. ಕೀಳದೆ ಉಳಿಸಬಹುದೇ ಎಂಬುದಷ್ಟೇ ನನ್ನ ಪ್ರಶ್ನೆ. ಡಾಕ್ಟರಮ್ಮ ಹಲ್ಲೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ವಿಚಾರಿಸತೊಡಗಿದರು.

"ನಿದ್ದೆ ಹೇಗಮ್ಮಾ?"

"ಚೆನ್ನಾಗೇ ಮಾಡ್ತಾಳೆ" ಎಂದೆ ನಾನು.

"ಊಟ?"

"ನಮ್ದೆಲ್ಲ ಮುಗಿದ ಮೇಲೆ. ಏಕಾದಶಿ ಉಪವಾಸ."

"ಸ್ವಾಮೀ, ಹಲ್ಲು ನಿಮ್ದಾ, ಅವರದಾ?"

ಡಾಕ್ಟರಮ್ಮ ಕನ್ನಡಿ ಹಿಡಿದು ತೋರಿಸಿದರು. ದವಡೆ ಹಲ್ಲುಗಳೆಲ್ಲ ಸವೆದು ಚಪ್ಪಟೆಯಾಗಿದ್ದವು.

"ನಿದ್ದೇಲಿ ಹಲ್ಲು ಕಡೀತಾರೆ. ಗೊತ್ತಿತ್ತಾ?"

"ಜಂತುಹುಳ ಇರಬೇಕು ಅಂತ ಎಷ್ಟೋ ವರ್ಷದಿಂದ ನಾನೇ ಬೇವಿನ ಕಷಾಯ ಮಾಡಿ ಕುಡಿಸ್ತಿದೀನಿ" ಎಂದೆ.

"ಇದು ಹುಳದಿಂದ ಅಲ್ಲ. ಅಮ್ಮಾ, ಮನಸ್ಸಲ್ಲಿ ಏನಾದ್ರೂ ತಡ್ಕೊಂಡಿದೀರಾ?"

ಆಗ ಅವಳು ಬಾಯಿಬಿಟ್ಟಳು. "ಹುಳ ಇಲ್ಲ ಅಂತ ನಂಗೆ ಗೊತ್ತಿತ್ತು. ಇವರು ಕೈಯಾರೆ ಮಾಡಿ ಕೊಡ್ತಿದ್ದಿದ್ದು ಅದೊಂದೇ. ಅದಕ್ಕೇ ಕುಡೀತಿದ್ದೆ."

ಹಲ್ಲು ಉಳಿಯಲಿಲ್ಲ. ಡಾಕ್ಟರಮ್ಮ ಚೀಟಿಯಲ್ಲಿ ಮಾತ್ರೆಗಳ ಕೆಳಗೆ, ದಿನಕ್ಕೆ ಒಂದು ಗಂಟೆ ಪೂರ್ತಿ ಇವರದೇ ಆಗಿರಬೇಕು ಎಂದು ಬರೆದುಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಕುಳಿತು ಅವಳ ದಿನದಲ್ಲಿ ಆ ಒಂದು ಗಂಟೆಯನ್ನು ಹುಡುಕಿದೆ. ಬೆಳಗ್ಗೆ ನನ್ನ ಪೂಜೆಗೆ ಅಣಿ ಮಾಡಬೇಕು, ಆಮೇಲೆ ನೈವೇದ್ಯ, ನನ್ನ ಊಟ, ನನ್ನ ಕಾಫಿ, ಸಂಜೆಯ ದೀಪ. ಭದ್ರಾವತಿ ಬಂದರೂ ಸಿಗಲಿಲ್ಲ.

ಮಾತ್ರೆಗಳಾದರೋ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲೇ ಸಿಕ್ಕಿದವು.