ಭಾವನ ಬಂದೂಕಿಗೊಂದು ದುರ್ಬೀನು

ಬಂದೂಕಿಗೂ ಕನ್ನಡಕ ಬೇಕಂತೆ, ಕೇಳಿದ್ದೀರಾ? ಹೋದ ವಾರ ಮಡಕಶಿರದಿಂದ ನಮ್ಮ ಭಾವ ರಾಯದುರ್ಗಕ್ಕೆ ಬಂದಿಳಿದದ್ದೇ ಅದಕ್ಕಾಗಿ. ಸಂಜೆಯಾದರೆ ಅವರ ಕಡಲೆಕಾಯಿ ಹೊಲಕ್ಕೆ ಕಾಡುಹಂದಿ ನುಗ್ಗುತ್ತವೆ. ರೈಫಲ್ಲಿಗೆ ಲೈಸೆನ್ಸ್ ಇದೆ, ಗುರಿ ಮಾತ್ರ ಇಲ್ಲ. (ಇದು ಅಕ್ಕನ ಮಾತು, ನನ್ನದಲ್ಲ.) ರೇಷ್ಮೆಗೂಡು ಮಾರಿದ ದುಡ್ಡಿನಲ್ಲಿ ಒಂದಿಷ್ಟು ಕೊಟ್ಟು, "ಇದ್ರೊಳಗೇ ಮುಗಿಸ್ಕೊಂಡು ಬರ್ಬೇಕು" ಎಂದು ಅವಳು ಕಳಿಸಿದ್ದಳು.

ನಮ್ಮೂರಲ್ಲಿ ಗಡಿಯಾರ, ಬಂದೂಕು ಎರಡನ್ನೂ ರಿಪೇರಿ ಮಾಡುವ ಅಂಗಡಿಯಿದೆ. ಸೀಮೆಗೆ ವಾಪಸಾದ ಇಂಗ್ಲಿಷ್ ದೊರೆಗಳ ಹಳೆಯ ಸಾಮಾನೂ ಅಲ್ಲಿ ಸಿಗುತ್ತದೆ. ಅಂಗಡಿಯ ಸಾಹೇಬರು ರೈಫಲ್ಲಿನ ಮೇಲೆ ಕೂರಿಸುವ ಎರಡು ದುರ್ಬೀನು ತೆಗೆದಿಟ್ಟರು. ಒಂದು ಉದ್ದ, ಇನ್ನೊಂದು ಗಿಡ್ಡ.

ಮಟಮಟ ಮಧ್ಯಾಹ್ನ. ಭಾವ ಉದ್ದದ್ದನ್ನು ಕಣ್ಣಿಗಿಟ್ಟು ಬೆಟ್ಟ ನೋಡಿದರು. "ಅಯ್ಯಯ್ಯೋ, ಕೋಟೆ ಮ್ಯಾಲಿನ ಮೇಕೆ ಗಡ್ಡ ಕಾಣ್ತೈತಲ್ಲಯ್ಯಾ!" ಗಿಡ್ಡದರಲ್ಲಿ ಮೇಕೆ ಕಂಡಿತು, ಗಡ್ಡ ಕಾಣಲಿಲ್ಲ. ಇನ್ನು ಕೇಳಬೇಕೆ?

ಆದರೆ ಉದ್ದದ್ದರ ಬೆಲೆ ಅಕ್ಕ ಎಳೆದ ಗೆರೆ ದಾಟಿತ್ತು. ಚೌಕಾಸಿ ಶುರುವಾಯಿತು. "ಇದಕ್ಕಿಂತ ಇಳ್ಸಾಕ ಆಗಲ್ರೀ" ಎಂದರು ಸಾಹೇಬರು. ಚಹಾ ಬಂತು, ಬಸ್ಸು ಹೋಯಿತು, ಹೊತ್ತು ಮುಳುಗಿತು. ಕೊನೆಗೆ ಸಾಹೇಬರೇ ಸೋತು, "ಆತು, ಒಯ್ರಿ" ಎಂದರು.

ಗೆದ್ದ ಖುಷಿಯಲ್ಲಿ ಭಾವ ಮತ್ತೊಮ್ಮೆ ಬೆಟ್ಟದ ಬುಡ ನೋಡಿದರು. "ಅಗೋ ಹಂದಿ! ಎಷ್ಟು ದಪ್ಪಗೈತೆ!"

ನಾನು ಗಿಡ್ಡದರಲ್ಲಿ ನೋಡಿದೆ. ಹಂದಿ ಬೀಡಿ ಹಚ್ಚುತ್ತಿತ್ತು.

ಕುರಿ ಕಾಯುವವನೊಬ್ಬ ಕರಿ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ. ಆ ಮಬ್ಬಿನಲ್ಲಿ ಉದ್ದದ ದುರ್ಬೀನಿಗೆ ಎಲ್ಲವೂ ದೊಡ್ಡದು, ಎಲ್ಲವೂ ಕಪ್ಪು. ಗಿಡ್ಡದರ ಗಾಜು ಮಾತ್ರ ನಿಚ್ಚಳವಾಗಿತ್ತು. ನಾನು ನಕ್ಕೆ. ಭಾವ ಗಿಡ್ಡದನ್ನು ಇಸಿದುಕೊಂಡು ನೋಡಿದರು, ನಗಲಿಲ್ಲ.

"ನಮ್ಮಪ್ಪ ದಿನಾ ಈ ಹೊತ್ತಿಗೆ ಬದುವಿನ ಮ್ಯಾಲೆ ಹಿಂಗೇ ಕಂಬಳಿ ಹೊದ್ಕೊಂಡು ಕೂತಿರ್ತಾರೆ ಕಣಯ್ಯಾ, ಕಾವಲಿಗೆ" ಎಂದರು. ಉದ್ದದ್ದನ್ನು ಸಾಹೇಬರ ಕಡೆಗೇ ಸರಿಸಿದರು.

ಗಿಡ್ಡದ್ದನ್ನೇ ಕೊಂಡೆವು. ಅಕ್ಕ ಕೊಟ್ಟದ್ದರಲ್ಲಿ ಸ್ವಲ್ಪ ಮಿಕ್ಕಿತು ಕೂಡ. ನಾವು ಎಷ್ಟನ್ನು ಹೀಗೆ ಮಧ್ಯಾಹ್ನದ ಬಿಸಿಲಲ್ಲಿ ಮೆಚ್ಚಿ ಮನೆಗೆ ತರುತ್ತೇವೆ! ಎತ್ತು, ಸೀರೆ, ಅಷ್ಟೇಕೆ, ಅಳಿಯಂದಿರನ್ನೂ. (ಭಾವ ಇದನ್ನು ಓದುವುದಿಲ್ಲ ಬಿಡಿ, ಅವರು ಓದುವುದು ತೆಲುಗು ಪತ್ರಿಕೆ.) ಇವೆಲ್ಲ ಕೆಲಸಕ್ಕೆ ಬೇಕಾಗುವುದು ಮಾತ್ರ ಬೆಳಕು ಕುಗ್ಗಿದ ಮೇಲೆ.

ಮಾರನೆಯ ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ಭಾವ ಬಟ್ಟೆ ಅಂಗಡಿಗೆ ಹೋಗಿ, ಅಪ್ಪನಿಗೆ ಕಂಬಳಿಯ ಮೇಲೆ ಹೊದೆಯಲು ಒಂದು ಬಿಳಿ ದುಪ್ಪಟಿ ಕೊಂಡರು.

ಒಳ್ಳೆಯ ದುರ್ಬೀನು ಸಿಕ್ಕ ಮೇಲೂ ಆ ಬಿಳಿ ದುಪ್ಪಟಿ ಬೇಕೆನಿಸಿತಲ್ಲ, ಇನ್ನು ಅವರ ಕೈಯಲ್ಲಿ ಬಂದೂಕಿದ್ದರೆ ನನಗೆ ಭಯವಿಲ್ಲ.